ಎಲೆ ಮುದುಡಿದ ಕೂಡಲೇ ಔಷಧಿ ಹೆಸರು ಹೇಳಬೇಡಿ, ಮೊದಲು ಎಲೆ ತಿರುಗಿಸಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಪ್ರಶ್ನೋತ್ತರ ಬರುತ್ತಲ್ಲ, ಅದನ್ನು ನಾನು ತಪ್ಪದೆ ಓದುತ್ತೇನೆ. ಹೊಲ ಬಿಟ್ಟು ಬೆಂಗಳೂರಿಗೆ ಬಂದು 18 ವರ್ಷ ಆದವನಿಗೆ ಆ ಅರ್ಧ ಪುಟವೇ ಊರು. ಆದರೆ ಒಂದು ತಕರಾರು ಇದೆ. ಯಾರೋ 'ಮೆಣಸಿನ ಗಿಡದ ಎಲೆ ಮುದುಡುತ್ತಿದೆ, ಏನು ಮಾಡಲಿ' ಅಂತ ಒಂದು ಸಾಲು ಕೇಳುತ್ತಾರೆ. ಉತ್ತರವೂ ಒಂದೇ ಸಾಲು. ಇದು ಮುಟುರು ರೋಗ, ಇಂಥ ಔಷಧಿ ಲೀಟರಿಗೆ ಇಷ್ಟು ಹಾಕಿ ಸಿಂಪಡಿಸಿ. ಮುಗೀತು. ಎಲೆ ಮೇಲಕ್ಕೆ ಮುದುಡಿದೆಯಾ, ಕೆಳಕ್ಕಾ? ಹೊಸ ಎಲೆಯಾ, ಹಳೇದಾ? ಗಿಡ ಹೊಲದಲ್ಲಿದೆಯಾ, ಮನೆ ಒಳಗಿನ ಕುಂಡದಲ್ಲಿದೆಯಾ? ಯಾವ ನೀರು ಹಾಕ್ತೀರಿ? ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಜ್ವರ ಅಂದ ಕೂಡಲೇ ಇಂಜೆಕ್ಷನ್ ಚುಚ್ಚುವ ಡಾಕ್ಟರ್ ಹತ್ತಿರ ನಾವು ಎರಡನೇ ಸಲ ಹೋಗ್ತೀವಾ? ಗಿಡದ ವಿಷಯದಲ್ಲಿ ಮಾತ್ರ ಹೋಗ್ತೀವಿ.

ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಈ ವರ್ಷ ನಾಲ್ಕು ಬ್ಯಾಡಗಿ ಮೆಣಸಿನ ಗಿಡ ಇಟ್ಟುಕೊಂಡು ಆರು ತಿಂಗಳು ಒದ್ದಾಡಿದ್ದೇನೆ. ಅದರಲ್ಲಿ ಒಂದು ಸಲ ಗಾಂಜಾ ಬೆಳೆಯುವವನು ಅಂತ ಅನುಮಾನವನ್ನೂ ಹೊತ್ತುಕೊಂಡೆ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಉತ್ತರಹಳ್ಳಿ ಕಡೆ ಮೂರನೇ ಮಹಡಿಯ ಫ್ಲ್ಯಾಟ್. ಬಾಲ್ಕನಿ ಇದೆ, ಆದರೆ ಎದುರು ಕಟ್ಟಡದ ಗೋಡೆ ಕೈ ಚಾಚಿದರೆ ಸಿಗುತ್ತದೆ. ಬಿಸಿಲು ಬೆಳಿಗ್ಗೆ ಹತ್ತು ನಿಮಿಷ ಬಂದು ಮುಖ ತೋರಿಸಿ ಹೋಗುತ್ತದೆ. ನಮ್ಮೂರು ಹಾವೇರಿ ಜಿಲ್ಲೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ ಒಂದು ಚೀಟಿಯಲ್ಲಿ ಬೀಜ ಕಟ್ಟಿ ಕೊಟ್ಟಳು, ಕಡ್ಡಿ ಮೆಣಸಿನಕಾಯಿದು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ, ಗೊತ್ತಲ್ಲ. ಖಾರ ಕಮ್ಮಿ, ಬಣ್ಣ ಜಾಸ್ತಿ. 2011ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ಬಿಸಿಲಿಲ್ಲದ ಮನೆಯಲ್ಲಿ ಅದನ್ನು ಬೆಳೆಸುವುದು ಹುಚ್ಚು ಅಂತ ಹೆಂಡತಿ ಅಂದಳು. ಇರಬಹುದು. ನಾನು ಅಡುಗೆಮನೆ ಪಕ್ಕದ ಯುಟಿಲಿಟಿಯಲ್ಲಿ ಒಂದು ಸ್ಟ್ಯಾಂಡ್ ಹಾಕಿ, ಮೇಲೆ 45 ವಾಟ್‌ನ ಎಲ್‌ಇಡಿ ಗ್ರೋ ಲೈಟ್ ನೇತುಹಾಕಿದೆ. ಕೆಂಪು, ನೀಲಿ ಬಲ್ಬ್‌ಗಳು ಸೇರಿ ನೇರಳೆ ಬೆಳಕು ಕೊಡುವಂಥದ್ದು. ಗಿಡ ಜಾಸ್ತಿ ಬಳಸಿಕೊಳ್ಳುವುದು ಆ ಎರಡು ಬಣ್ಣದ ಬೆಳಕನ್ನೇ, ಅದಕ್ಕೆ ಹಾಗೆ ಮಾಡಿರುತ್ತಾರೆ. ಬಿಳಿ ಎಲ್‌ಇಡಿಯಲ್ಲೂ ಚೆನ್ನಾಗೇ ಬೆಳೆಯುತ್ತವೆ, ಅದು ನನಗೆ ಆಮೇಲೆ ಗೊತ್ತಾಯ್ತು. ಮೊದಲೇ ಗೊತ್ತಿದ್ದರೆ ಗಾಂಜಾ ಪ್ರಸಂಗ ತಪ್ಪುತ್ತಿತ್ತು.

ಮೊದಲ ಮುದುಡು ಫೆಬ್ರವರಿಯಲ್ಲೇ ಬಂತು. ನಾಲ್ಕು ಎಲೆ ಬಂದಿದ್ದ ಸಸಿಗಳು, ಎಲ್ಲದರ ಮೇಲಿನ ಎಲೆಗಳ ಅಂಚು ಮೇಲಕ್ಕೆ ಮಡಚಿಕೊಂಡಿದ್ದವು. ಬಿರಿಯಾನಿ ಹಾಕಿ ಕೊಡುವ ದೊನ್ನೆ ಇರುತ್ತಲ್ಲ, ಹಾಗೆ. ಫೋನಿನಲ್ಲಿ 'ಮನೆಯೊಳಗಿನ ಎಳೆ ಗಿಡದ ಎಲೆ ಮುದುಡಲು ಕಾರಣ' ಅಂತ ಇಂಗ್ಲಿಷಿನಲ್ಲಿ ಹುಡುಕಿದೆ. ಬಂದಿದ್ದೆಲ್ಲ ಗಾಂಜಾ! ಹೌದು, ಸ್ವಾಮಿ. ಕೆನಡಾದಲ್ಲಿ 2018ರಿಂದ ಗಾಂಜಾ ಕಾನೂನುಬದ್ಧ, ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡದವರೆಗೆ ಬೆಳೆಸಿಕೊಳ್ಳಬಹುದು. ಅಮೆರಿಕದ ಹಲವು ರಾಜ್ಯಗಳಲ್ಲೂ ಹಾಗೇ. ಅಲ್ಲಿ ಚಳಿ, ಅದಕ್ಕೆ ಮನೆ ಒಳಗೆ, ಲೈಟ್ ಕೆಳಗೆ, ಕುಂಡದಲ್ಲಿ ಬೆಳೆಸುತ್ತಾರೆ. ಎಲೆ ಮುದುಡಿದರೆ ನಮ್ಮ ರೈತರು ಮೆಣಸಿನ ಮುಂದೆ ಕೂತಂತೆ ಅವರು ಆ ಗಿಡದ ಮುಂದೆ ಕೂರುತ್ತಾರೆ. ನಾನು ರಾತ್ರಿ ಹನ್ನೊಂದಕ್ಕೆ ಇದನ್ನು ಓದುತ್ತಾ ಕೂತಿದ್ದಾಗ ಹಿಂದಿನಿಂದ ಹೆಂಡತಿ ಇಣುಕಿ ನೋಡಿದಳು. ಆ ರಾತ್ರಿಯ ಮಾತುಕತೆ ಪತ್ರಿಕೆಗೆ ಬೇಡ.

ಆದರೆ ನಿಜ ಹೇಳಬೇಕು ಅಂದರೆ, ಅಲ್ಲಿ ಬರೆದವರ ಒಂದು ಗುಣ ನನಗೆ ಹಿಡಿಸಿತು. ಅವರು ಔಷಧಿಯಿಂದ ಶುರು ಮಾಡುವುದಿಲ್ಲ, ಎಲೆಯ ಆಕಾರದಿಂದ ಶುರು ಮಾಡುತ್ತಾರೆ. ಅಂಚು ಮೇಲಕ್ಕೆದ್ದಿದ್ದರೆ ಬೆಳಕು ಹತ್ತಿರ ಇದೆ ಅಥವಾ ಬಿಸಿ ಜಾಸ್ತಿ. ಎಲೆ ಪೂರ್ತಿ ತುಂಬಿಕೊಂಡು ದಪ್ಪಗೆ ಕೆಳಗೆ ಜೋತು ಬಿದ್ದಿದ್ದರೆ ನೀರು ಜಾಸ್ತಿ. ಕಡು ಹಸಿರಾಗಿ ಹೊಳೆಯುತ್ತಾ ತುದಿ ಮಾತ್ರ ಹದ್ದಿನ ಉಗುರಿನ ಹಾಗೆ ಕೆಳಗೆ ಬಾಗಿದ್ದರೆ ಸಾರಜನಕ ಜಾಸ್ತಿ, ಅಂದರೆ ಪ್ರೀತಿಯಿಂದ ಗೊಬ್ಬರ ಸುರಿದಿದ್ದೀರಿ ಅಂತ ಅರ್ಥ. ಹೊಸ ಚಿಗುರು ಮಾತ್ರ ಸುರುಟಿಕೊಂಡು ಸಣ್ಣಗಾಗಿದ್ದರೆ ಕಣ್ಣಿಗೆ ಕಾಣದ ನುಸಿ ಇದೆಯಾ ನೋಡಿ. ಮೆಣಸಿಗೂ ಗಾಂಜಾಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಕುಂಡ ಒಂದೇ, ಲೈಟ್ ಒಂದೇ, ನುಸಿ ಕೂಡ ಒಂದೇ.

ನನ್ನ ಲೈಟ್ ಸಸಿಯಿಂದ ಬರೀ ಅರ್ಧ ಅಡಿ ಮೇಲಿತ್ತು. ಬಿಸಿಲಿಲ್ಲ ಅಂತ ಹತ್ತಿರ ಇಟ್ಟಿದ್ದೆ. ಎಲೆಯ ಮಟ್ಟದಲ್ಲಿ ಅಂಗೈ ಮಗುಚಿ ಅರ್ಧ ನಿಮಿಷ ಹಿಡಿದರೆ ಬೆಚ್ಚಗಾಗುತ್ತಿತ್ತು. ಒಂದೂವರೆ ಅಡಿಗೆ ಏರಿಸಿದೆ. ಹತ್ತು ದಿನಕ್ಕೆ ಬಂದ ಹೊಸ ಎಲೆಗಳು ಚಪ್ಪಟೆಯಾಗಿ ಬಂದವು. ಹಳೇ ಎಲೆ ಹಾಗೇ ದೊನ್ನೆಯಾಗಿ ಉಳಿಯಿತು. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು: ಒಮ್ಮೆ ಮುದುಡಿ ಬಲಿತ ಎಲೆ ಸಾಮಾನ್ಯವಾಗಿ ಮತ್ತೆ ನೆಟ್ಟಗಾಗುವುದಿಲ್ಲ. ಗಿಡ ಸುಧಾರಿಸಿತಾ ಅಂತ ಹೊಸ ಎಲೆ ನೋಡಿ ಹೇಳಬೇಕು. ಹಳೇ ಎಲೆ ನೋಡಿಕೊಂಡು 'ಔಷಧಿ ಕೆಲಸ ಮಾಡಿಲ್ಲ' ಅಂತ ವಾರಕ್ಕೊಂದು ಹೊಸ ಬಾಟಲಿ ತರುವವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮೂರು ಜನ ಇದ್ದಾರೆ.

ಈಗ ಗಾಂಜಾ ಪ್ರಸಂಗ. ಫ್ಲ್ಯಾಟ್ ಒಳಗೆ ಲೈಟ್ ಹಾಕಿ ಗಾಂಜಾ ಬೆಳೆದವರು ಸಿಕ್ಕಿಬಿದ್ದ ಸುದ್ದಿ ಆಗಾಗ ಬೆಂಗಳೂರಲ್ಲಿ ಬರುತ್ತಲೇ ಇರುತ್ತದೆ. ಅಂಥ ಒಂದು ಸುದ್ದಿ ಬಂದ ವಾರವೇ ನಮ್ಮ ವಾಟ್ಸ್ಆಪ್ ಗ್ರೂಪಿನಲ್ಲಿ ಒಂದು ಫೋಟೊ. ಕೆಳಗಿನಿಂದ ತೆಗೆದದ್ದು, ಮೂರನೇ ಮಹಡಿಯ ಕಿಟಕಿಯಲ್ಲಿ ನೇರಳೆ ಬೆಳಕು. 'ಇದೇನು, ದಯವಿಟ್ಟು ತಿಳಿಸಿ.' ಮರುದಿನ ಬೆಳಿಗ್ಗೆ ಕಮಿಟಿಯ ಇಬ್ಬರು ಹಿರಿಯರು, ಜತೆಗೆ ಸೆಕ್ಯುರಿಟಿಯವರು, ಚಹಾಕ್ಕೆ ಬಂದವರ ಹಾಗೆ ಬಂದರು. ನಾನು ನೇರ ಯುಟಿಲಿಟಿಗೆ ಕರೆದುಕೊಂಡು ಹೋದೆ. ಮೆಣಸಿನ ಸಸಿ ನೋಡಿದರು. ಒಬ್ಬರು 'ಎಲೆ ಯಾಕ್ರೀ ಹೀಗೆ ಸುರುಟಿದೆ, ಒಣಗಿಸ್ತಿದ್ದೀರಾ' ಅಂದರು. ಗಾಂಜಾ ಎಲೆ ಅಂದರೆ ಬೆರಳು ಬಿಡಿಸಿದ ಕೈ ಹಾಗೆ, ಐದೋ ಏಳೋ ಸೀಳು, ಅಂಚಿನಲ್ಲಿ ಗರಗಸದ ಹಲ್ಲು. ಮೆಣಸಿನ ಎಲೆ ಒಂದೇ ತುಂಡು, ಅಂಚು ನುಣುಪು. ಅಷ್ಟು ಹೇಳುವಷ್ಟರಲ್ಲಿ ಇನ್ನೊಬ್ಬರು ಬಾಲ್ಕನಿ ಕಡೆ ನೋಡಿ ತಣ್ಣಗಾದರು. ಅಲ್ಲಿ ಅವ್ವನ ಪುಂಡಿ ಗಿಡ ಇತ್ತು. ಐದು ಸೀಳಿನ ಎಲೆ, ಅಂಚಿನಲ್ಲಿ ಹಲ್ಲು!

ನಗಬೇಡಿ. ಪುಂಡಿಯ ಸಸ್ಯಶಾಸ್ತ್ರದ ಹೆಸರು ಹಿಬಿಸ್ಕಸ್ ಕ್ಯಾನಬಿನಸ್. ಗಾಂಜಾ ಅಂದರೆ ಕ್ಯಾನಬಿಸ್, ಎಲೆ ಅದರ ಹಾಗಿದೆ ಅಂತಲೇ ಆ ಹೆಸರು. ರೊಟ್ಟಿ ಜತೆ ಪುಂಡಿ ಪಲ್ಯ ತಿನ್ನದ ಮೈಸೂರು ಕಡೆಯವರಿಗೆ ಅದು ಪೊಲೀಸ್ ಕೇಸಿನಂತೆ ಕಂಡರೆ ತಪ್ಪಿಲ್ಲ. ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳಿ ಅಂದೆ. ಹುಳಿಗೆ ಮುಖ ಕಿವುಚಿದರು, ನಂಬಿದರು. ಅಂದ ಹಾಗೆ ಅವರ ಭಯ ಸುಳ್ಳಲ್ಲ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆ ಕಾಯ್ದೆಯಲ್ಲಿ ಗಾಂಜಾ ಗಿಡ ಬೆಳೆಸುವುದೇ ಅಪರಾಧ, 10 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಕುಂಡದಲ್ಲಿ ಒಂದೇ ಗಿಡ, ನನ್ನ ಉಪಯೋಗಕ್ಕೆ ಅಂದರೂ ಬಿಡುವುದಿಲ್ಲ. ಕೆನಡಾದವರು ಬರೆದದ್ದನ್ನು ಓದಿ ಇಲ್ಲಿ ಕೈ ಹಾಕಲು ಹೊರಟ ಹುಡುಗರು ಯಾರಾದರೂ ಇದ್ದರೆ ಅವರು ಎಲೆ ಮುದುಡುವುದಕ್ಕಿಂತ ದೊಡ್ಡ ತೊಂದರೆಗೆ ತಯಾರಾಗಬೇಕು. ಮೆಣಸು ಬೆಳೆಯಿರಿ, ಮಜಾ ಅಷ್ಟೇ ಇದೆ.

ಮಾರ್ಚ್‌ನಲ್ಲಿ ಎರಡನೇ ಮುದುಡು. ಅದು ನನ್ನನ್ನು ನಿಜವಾಗಿ ಸೋಲಿಸಿತು. ಈ ಸಲ ನಾಲ್ಕೂ ಗಿಡದಲ್ಲಿ ಕೆಳಗಿನ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಕಾಗದದ ಹಾಗೆ ಒಳಕ್ಕೆ ಸುರುಟಿಕೊಳ್ಳತೊಡಗಿತು. ಬೆಳವಣಿಗೆ ನಿಂತಿತು. ಲೈಟ್ ಸರಿ ಇದೆ. ನೀರು ಹಾಕುತ್ತಿದ್ದೇನೆ. ಒಂದು ಎಲೆ ಕಿತ್ತು ಗೊಬ್ಬರದ ಅಂಗಡಿಗೆ ಒಯ್ದೆ. ಅಂಗಡಿಯವರು ಕೌಂಟರ್ ಮೇಲೆ ಎಲೆ ಇಟ್ಟ ಹಾಗೇ ನೋಡಿ, ಕೈಯಲ್ಲಿ ಕೂಡ ಎತ್ತಿಕೊಳ್ಳದೆ, 'ವೈರಸ್ಸು ಸಾರ್' ಅಂದರು. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕದ ಬಾಟಲಿ, ಜತೆಗೆ ಹೆಸರೇ ಕೇಳಿರದ ಒಂದು ಟಾನಿಕ್, ಒಟ್ಟು 540 ರೂಪಾಯಿ. ಅಲ್ರೀ, ವೈರಸ್ಸಿಗೆ ಔಷಧಿಯೇ ಇಲ್ಲ. ಮುಟುರು ವೈರಸ್ ಹರಡುವುದು ಬಿಳಿ ನೊಣ. ಇಮಿಡಾಕ್ಲೋಪ್ರಿಡ್ ಆ ನೊಣವನ್ನು ಕೊಲ್ಲಬಹುದು, ಗಿಡದೊಳಗೆ ಸೇರಿದ ವೈರಸ್ಸನ್ನು ಅಲ್ಲ. ನಿಜವಾಗಿ ವೈರಸ್ ಬಂದ ಗಿಡ ಕುಳ್ಳಗಾಗುತ್ತದೆ, ಗೆಣ್ಣು ಹತ್ತಿರ ಹತ್ತಿರ ಆಗುತ್ತದೆ, ಹೊಸ ಎಲೆ ಸಣ್ಣಗೆ ಹಳದಿಯಾಗಿ ಗೊಂಚಲು ಗೊಂಚಲಾಗಿ ಬರುತ್ತದೆ. ಅಂಥದ್ದನ್ನು ಕಿತ್ತು ದೂರ ಹಾಕುವುದೊಂದೇ ದಾರಿ. ನನ್ನ ಗಿಡದಲ್ಲಿ ಹೊಸ ಎಲೆ ಚೆನ್ನಾಗಿತ್ತು, ಹಳೇ ಎಲೆ ಸುಡುತ್ತಿತ್ತು. ಇದೆಲ್ಲ ಗೊತ್ತಿದ್ದೂ ನಾನು ಬಾಟಲಿ ತಂದೆ ನೋಡಿ! ಕೌಂಟರಿನಲ್ಲಿ ನಿಂತಾಗ ಬುದ್ಧಿ ಕೆಲಸ ಮಾಡುವುದಿಲ್ಲ. ಎರಡು ಸಲ ಸಿಂಪಡಿಸಿದೆ ಕೂಡ. ಏನೂ ಆಗಲಿಲ್ಲ, ಮನೆ ತುಂಬ ವಾಸನೆ ಆಯ್ತು ಅಷ್ಟೇ.

ಕೊನೆಗೆ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಮೊದಲ ಮಾತೇ, 'ಎಲಿ ಹೊಳ್ಳಿಸಿ ತೋರ್ಸು.' ಹೊಳ್ಳಿಸಿ ತೋರಿಸಿದೆ. 'ಹುಳ ಇಲ್ಲ ಬಿಡು. ಮಣ್ಣ ತೋರ್ಸು.' ಫೋನ್ ಕುಂಡದ ಮೇಲೆ ಹಿಡಿದೆ. 'ಅಂಚಿಗೆ ಬೆಳ್ಳಗ ಕುಂತದಲ್ಲ, ಏನದು?' ನಾನು ಅದನ್ನು ದಿನಾ ನೋಡುತ್ತಿದ್ದೆ, ಬೂಸ್ಟು ಅಂದುಕೊಂಡಿದ್ದೆ. ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರಿತು, ಗೋಡೆ ಸುಣ್ಣ ಉದುರಿದ ಹಾಗೆ. 'ಉಪ್ಪು ಅದು. ನಿನ್ನ ಕುಂಡ ಸವಳ ಆಗೇತಿ. ಯಾ ನೀರ ಹಾಕ್ತಿ?'

ಯಾವ ನೀರು ಅಂದರೆ, ಆರ್‌ಒ ಫಿಲ್ಟರಿನ ವೇಸ್ಟ್ ನೀರು. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕ್ಯೂ ನಿಂತು, ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆಗಿನಿಂದ ನಮ್ಮ ಮನೆಯಲ್ಲಿ ಆರ್‌ಒ ಪೈಪಿನ ಕೆಳಗೆ ಒಂದು ಬಕೆಟ್ ಕಾಯಂ. ಒಂದು ಲೀಟರ್ ಕುಡಿಯುವ ನೀರು ಬರಬೇಕಾದರೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ, ಅದನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಅರ್ಧ ಬೆಂಗಳೂರು ಹೀಗೇ ಮಾಡುತ್ತಿರಬೇಕು. ಒಳ್ಳೇ ಅಭ್ಯಾಸ ಅಂತ ಎಲ್ಲರೂ ಹೊಗಳುತ್ತಾರೆ. ನೆಲ ಒರೆಸಲು, ಟಾಯ್ಲೆಟ್ಟಿಗೆ ಹಾಕಲು ಒಳ್ಳೇದೇ. ಆದರೆ ಫಿಲ್ಟರ್ ಮಾಡುವ ಕೆಲಸ ಏನು? ಬಂದ ನೀರಿನ ಉಪ್ಪನ್ನೆಲ್ಲ ಒಂದು ಕಡೆ ತಳ್ಳುವುದು. ಆ ತಳ್ಳಿದ ಕಡೆಯ ನೀರೇ ಬಕೆಟ್ಟಿಗೆ ಬರುವುದು. ನಮ್ಮದು ಮೊದಲೇ ಬೋರ್‌ವೆಲ್ ನೀರು.

ಒಂದು ಟಿಡಿಎಸ್ ಮೀಟರ್ ತರಿಸಿದೆ, ನೀರಲ್ಲಿ ಕರಗಿದ ಉಪ್ಪು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುವಂಥದ್ದು, ಪೆನ್ನಿನ ಹಾಗಿರುತ್ತದೆ, 250 ರೂಪಾಯಿ. ಅದ್ದಿ ನೋಡಿದೆ. ನಲ್ಲಿಯ ಬೋರ್ ನೀರು 820. ಬಕೆಟ್ಟಿನ ನೀರು 1,000 ದಾಟಿತ್ತು. ತಂಗಿ ಮನೆಯ ಕಾವೇರಿ ನೀರು ಬಾಟಲಿಯಲ್ಲಿ ತಂದು ನೋಡಿದೆ, 200ರ ಒಳಗೆ. ಕುಡಿಯುವ ನೀರಿಗೇ 500 ದಾಟದಿರಲಿ ಅನ್ನುತ್ತಾರೆ. ಹೊಲದಲ್ಲಾದರೆ ಮಳೆ ಬಂದು ಉಪ್ಪನ್ನು ಕೆಳಗೆ ತೊಳೆದುಕೊಂಡು ಹೋಗುತ್ತದೆ. ಮನೆ ಒಳಗಿನ ಕುಂಡಕ್ಕೆ ಮಳೆ ಎಲ್ಲಿಂದ ಬರಬೇಕು? ಗಿಡ ನೀರು ಕುಡಿಯುತ್ತದೆ, ಉಪ್ಪು ಮಣ್ಣಲ್ಲೇ ಉಳಿಯುತ್ತದೆ, ಮರುದಿನ ಮತ್ತೆ ಒಂದು ಲೋಟ ಉಪ್ಪು ನೀರು. ಸಾಲದ್ದಕ್ಕೆ ತಟ್ಟೆಯಲ್ಲಿ ಸೋರಿದ ನೀರನ್ನೂ ವೇಸ್ಟ್ ಆಗಬಾರದು ಅಂತ ಮತ್ತೆ ಮೇಲೆ ಹಾಕುತ್ತಿದ್ದೆ. ಮೆಣಸು ಉಪ್ಪು ತಡೆಯುವ ಗಿಡ ಅಲ್ಲ. ಮಣ್ಣಲ್ಲಿ ನೀರಿದ್ದರೂ ಬೇರು ಎಳೆದುಕೊಳ್ಳಲು ಆಗುವುದಿಲ್ಲ, ಎಲೆ ಅಂಚಿನಿಂದ ಸುಡುತ್ತಾ ಬರುತ್ತದೆ. ಇದರಲ್ಲಿ ಕೊಕೊಪೀಟ್‌ನ, ಅಂದರೆ ಮಣ್ಣಿಗೆ ಬೆರೆಸುವ ತೆಂಗಿನ ನಾರಿನ ಪುಡಿಯ ಪಾಲೂ ಇತ್ತು. ಅಗ್ಗದ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ ಹಾಗೇ ತುಂಬಿದ್ದೆ. ತೊಳೆಯದ ಕೊಕೊಪೀಟ್‌ನಲ್ಲೇ ಸಾಕಷ್ಟು ಉಪ್ಪಿರುತ್ತದೆ, ಎರಡು ಮೂರು ಸಲ ಒಳ್ಳೇ ನೀರಲ್ಲಿ ಹಿಂಡಿ ತೊಳೆಯಬೇಕು. ಚೀಲದ ಮೇಲೆ ಯಾರೂ ಬರೆದಿರುವುದಿಲ್ಲ.

ಚಿಕಿತ್ಸೆ ಏನು ಗೊತ್ತಾ? ನೀರು. ಬರೀ ನೀರು. ಏಪ್ರಿಲ್‌ನಲ್ಲಿ ಮಾವಿನ ಮಳೆ ಎರಡು ದಿನ ಹೊಡೆಯಿತಲ್ಲ, ತಾರಸಿ ಪೈಪಿನ ಕೆಳಗೆ ಡ್ರಮ್ ಇಟ್ಟು ಹಿಡಿದೆ. ಮೀಟರ್ ಅದ್ದಿದರೆ 30 ತೋರಿಸಿತು, ಖುಷಿಗೆ ಮೂರು ಸಲ ಅದ್ದಿದೆ. ಎಂಟು ಲೀಟರಿನ ಒಂದೊಂದು ಕುಂಡಕ್ಕೂ ಬಾತ್‌ರೂಮಿನಲ್ಲಿಟ್ಟು ನಿಧಾನಕ್ಕೆ 24 ಲೀಟರ್, ಅಂದರೆ ಕುಂಡದ ಮೂರರಷ್ಟು ನೀರು ಸುರಿದೆ. ಕೆಳಗಿನಿಂದ ಮೊದಲು ಬಂದ ನೀರು ಡಿಕಾಕ್ಷನ್ ಬಣ್ಣ. ಮೀಟರಿನಲ್ಲಿ 3,000 ದಾಟಿತ್ತು. ಕೊನೆಗೆ 500ಕ್ಕೆ ಇಳಿಯಿತು. ಆಮೇಲೆ ನಾಲ್ಕು ದಿನ ಮುಟ್ಟಲಿಲ್ಲ. ಮೂರು ವಾರದಲ್ಲಿ ಮೂರು ಗಿಡ ಹೊಸ ಕೊಂಬೆ ಒಡೆದವು.

ನಾಲ್ಕನೆಯದು ಒಡೆಯಲಿಲ್ಲ. ಅದರ ತುದಿಯ ಎಲೆಗಳು ಕೆಳಮುಖವಾಗಿ, ಕವುಚಿ ಹಾಕಿದ ದೊನ್ನೆ ಹಾಗೆ ಬಾಗಿ, ಸಪೂರಾಗಿ, ತೊಟ್ಟು ಮಾತ್ರ ಇಲಿ ಬಾಲದ ಹಾಗೆ ಉದ್ದ ಬಂದವು. ಉಪ್ಪು ತೊಳೆದಾಗಿದೆ, ಮತ್ತೇನು? ಅವ್ವನ ಮಾತು ನೆನಪಾಗಿ ಹೊಳ್ಳಿಸಿ ನೋಡಿದೆ. ಹಿಂಭಾಗ ಹಿತ್ತಾಳೆ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಹುಳ ಕಾಣಲಿಲ್ಲ. ನಗರ್ತಪೇಟೆಗೆ ಹೋಗಿ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ, 30 ಪಟ್ಟು ದೊಡ್ಡದು ಮಾಡುವ ಸಣ್ಣ ಮಸೂರ ತಂದೆ. ಎಲೆಯ ನರದ ಪಕ್ಕ ಮೊಟ್ಟೆಗಳು. ಗಾಜಿನ ಮಣಿಯ ಮೇಲೆ ಸಾಲಾಗಿ ಬಿಳಿ ಚುಕ್ಕೆ ಇಟ್ಟ ಹಾಗೆ, ಎಷ್ಟು ಚಂದ ಅಂದರೆ ಐದು ನಿಮಿಷ ಸಿಟ್ಟೇ ಬರಲಿಲ್ಲ. ಹಳದಿ ನುಸಿ ಅಂತಾರೆ ನಮ್ಮ ಕಡೆ. ಹುಳ ಒಂದು ಮಿಲಿಮೀಟರಿನ ಐದನೇ ಒಂದು ಭಾಗವೂ ಇರುವುದಿಲ್ಲ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಬೆಚ್ಚಗಿದ್ದರೆ ವಾರದೊಳಗೆ ಒಂದು ತಲೆಮಾರು ಮುಗಿಸುತ್ತದೆ. ಇನ್ನೂ ತಮಾಷೆ ಅಂದರೆ ಬಿಳಿ ನೊಣದ ಕಾಲು ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ಸವಾರಿ ಹೋಗುತ್ತದೆ. ನನ್ನ ಮನೆಗೆ ಬಂದದ್ದು ಮಾತ್ರ ಹೆಂಡತಿ ತಂದು ಪಕ್ಕದಲ್ಲಿಟ್ಟ ಜರ್ಬೆರಾ ಜತೆ ಇರಬೇಕು, ಅದರ ಹೂವೂ ವಕ್ರ ಬರುತ್ತಿತ್ತು. ಹೊಸ ಗಿಡ ತಂದರೆ ಎರಡು ವಾರ ಬೇರೆ ಕಡೆ ಇಡಿ ಅನ್ನುವುದು ಇದಕ್ಕೇ. ನಮ್ಮನೆಯಲ್ಲಿ ಆ ನಿಯಮ ಜಾರಿಗೆ ತರುವ ಧೈರ್ಯ ನನಗಿಲ್ಲ.

ಗಮನಿಸಿ, ಅಂಗಡಿಯವರು ಕೊಟ್ಟ ಇಮಿಡಾಕ್ಲೋಪ್ರಿಡ್ ನುಸಿಗೆ ಕೆಲಸ ಮಾಡುವುದಿಲ್ಲ. ನುಸಿ ಕೀಟವೇ ಅಲ್ಲ, ಎಂಟು ಕಾಲಿನದು, ಜೇಡನ ಕಡೆಯ ಸಂಬಂಧ. ಅದಕ್ಕೆ ಬೇಕಾದದ್ದು ಗಂಧಕ. ನೀರಲ್ಲಿ ಕಲಸುವ ಗಂಧಕದ ಪುಡಿ ಲೀಟರಿಗೆ 3 ಗ್ರಾಂ, ಸಂಜೆ ಹೊತ್ತು ಲೈಟ್ ಆರಿಸಿ, ಎಲೆಯ ಹಿಂಭಾಗಕ್ಕೆ ತಾಗುವ ಹಾಗೆ. ವಾರ ಬಿಟ್ಟು ಇನ್ನೊಮ್ಮೆ. ಬಿಸಿ 32 ಡಿಗ್ರಿ ದಾಟುವ ದಿನ ಹೊಡೆದರೆ ಎಲೆ ಸುಡುತ್ತದೆ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆದರೂ ಸುಡುತ್ತದೆ. ಎರಡೂ ಒಳ್ಳೇದೇ, ಒಟ್ಟಿಗೆ ಬೇಡ. ಅದೇ ಎಲೆ ಕವುಚದೆ ಮೇಲ್ಮುಖ ದೊನ್ನೆಯಾಗಿ, ಹಿಂಭಾಗದಲ್ಲಿ ಬೆಳ್ಳಿ ಗೀರು, ಕರಿ ಚುಕ್ಕೆ ಇದ್ದರೆ ಅದು ಥ್ರಿಪ್ಸ್, ರಸ ಹೀರುವ ಸಣ್ಣ ಕೀಟ. ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿದರೆ ಸಣ್ಣ ಕಡ್ಡಿ ಹಾಗೆ ಉದುರಿ ಓಡಾಡುತ್ತವೆ. ನಿಮ್ಮ ಪತ್ರಿಕೆಯನ್ನೇ ಹಿಡಿಯೋಣ ಅಂದುಕೊಂಡೆ, ಜಾಹೀರಾತು ಇಲ್ಲದ ಬಿಳಿ ಜಾಗ ಸಿಗಲಿಲ್ಲ. 2021ರಲ್ಲಿ ಆಂಧ್ರ, ತೆಲಂಗಾಣದ ಜತೆ ನಮ್ಮ ರಾಜ್ಯದ ಮೆಣಸಿನ ಹೊಲಗಳನ್ನೂ ಹಾಳು ಮಾಡಿದ ಕಪ್ಪು ಥ್ರಿಪ್ಸ್ ನೋಡಿದವರಿಗೆ ನಾನು ಹೊಸದೇನೂ ಹೇಳುತ್ತಿಲ್ಲ. ಹೊಲದವರಿಗೆ ಗೊತ್ತು. ಗೊತ್ತಿಲ್ಲದಿರುವುದು ಫ್ಲ್ಯಾಟಿನವರಿಗೆ, ಮತ್ತು ಫ್ಲ್ಯಾಟಿನವರ ಪ್ರಶ್ನೆಗೂ ಹೊಲದ ಉತ್ತರವನ್ನೇ ಕೊಡುವವರಿಗೆ.

ಅದಕ್ಕೇ ಈ ಪತ್ರ. ನನ್ನ ಕೋರಿಕೆ ಸಣ್ಣದು. ಪ್ರಶ್ನೆ ಕಳಿಸುವವರಿಂದ ಎರಡು ಫೋಟೊ ಕೇಳಿ. ಒಂದು ಪೂರ್ತಿ ಗಿಡದ್ದು, ಕುಂಡದ ಅಂಚು ಕಾಣುವ ಹಾಗೆ. ಇನ್ನೊಂದು ಎಲೆಯ ಹಿಂಭಾಗದ್ದು. ಯಾವ ನೀರು ಅಂತ ಒಂದು ಸಾಲು ಬರೆಸಿ. ಇಷ್ಟಿಲ್ಲದ ಪ್ರಶ್ನೆಗೆ ಔಷಧಿ ಹೆಸರು ಅಚ್ಚು ಹಾಕಬೇಡಿ, ತಿನ್ನುವ ಗಿಡದ ಮೇಲೆ ಸುಮ್ನೆ ವಿಷ ಬೀಳುತ್ತದೆ. ಉತ್ತರ ಕೊಡುವ ತಜ್ಞರಿಗೆ ಇದೆಲ್ಲ ಗೊತ್ತಿರುತ್ತದೆ, ಜಾಗ ಸಾಲದೆ ಒಂದು ಸಾಲಿಗೆ ಇಳಿಸುತ್ತಾರೆ ಅಂತ ನನ್ನ ಊಹೆ. ಹಾಗಿದ್ದರೆ ವಾರಕ್ಕೆ ಆರು ಪ್ರಶ್ನೆ ಬದಲು ಎರಡೇ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ಎರಡೂ ಇದೇ ಊರಲ್ಲಿವೆ. ನವೆಂಬರಿನ ಕೃಷಿ ಮೇಳಕ್ಕೆ ಹೋಗಿ ಕಡಲೆಕಾಯಿ ತಿಂದು ಬರುವ ನಮ್ಮಂಥ ಬಾಲ್ಕನಿ ರೈತರು ಸಾವಿರಗಟ್ಟಲೆ ಇದ್ದೇವೆ. ಬಿಸಿಲಿಲ್ಲದ ಮನೆ, ಬೋರ್ ನೀರು, ಸಣ್ಣ ಕುಂಡ, ಇದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆಯಲಿ. ಇಲ್ಲದಿದ್ದರೆ ನಾವು ರಾತ್ರಿ ಹನ್ನೊಂದಕ್ಕೆ ಕೆನಡಾದ ಗಾಂಜಾ ಬೆಳೆಗಾರರು ಬರೆದದ್ದನ್ನೇ ಓದುತ್ತಾ ಹೆಂಡತಿ ಕೈಲಿ ಸಿಕ್ಕಿಬೀಳಬೇಕು.

ಪತ್ರ ಉದ್ದ ಆಯ್ತು, ಕತ್ತರಿ ಹಾಕಿದರೆ ಬೇಜಾರಿಲ್ಲ, ಆರ್‌ಒ ನೀರಿನ ವಿಷಯ ಮಾತ್ರ ಬಿಡಬೇಡಿ.

ಇನ್ನೊಂದು. ಅಂದು ಕಮಿಟಿಯವರ ಜತೆ ಬಂದಿದ್ದ ಸೆಕ್ಯುರಿಟಿಯವರು ಮೊನ್ನೆ ತಮ್ಮ ಶೆಡ್ ಪಕ್ಕದ ಟೊಮೆಟೊ ಗಿಡದ ಎಲೆ ಹಿಡಿದುಕೊಂಡು ಮೇಲೆ ಬಂದರು. ನಾನು ಎಲೆ ಮುಟ್ಟದೆ ಅವರ ಜತೆ ಕೆಳಗೆ ಹೋದೆ. ಗಿಡ ಅಲ್ಲಾಡಿಸಿದರೆ ಹಿಟ್ಟು ಹಾರಿದ ಹಾಗೆ ಬಿಳಿ ನೊಣ ಎದ್ದವು. ತುದಿ ಪೂರ್ತಿ ಹಳದಿ, ಎಲೆ ಹೆಬ್ಬೆರಳ ಉಗುರಷ್ಟು. ಇದು ನಿಜವಾದ ಮುಟುರು, ಇದನ್ನು ಕಿತ್ತು ಚೀಲ ಕಟ್ಟಿ ಎಸೆಯಿರಿ, ಮುಂದಿನ ಸಲ ಹೆಸರಘಟ್ಟದವರ ಅರ್ಕ ರಕ್ಷಕ್ ಬೀಜ ತಂದುಕೊಡುತ್ತೇನೆ, ಅದು ಈ ರೋಗ ತಡೆಯುವ ತಳಿ ಅಂದೆ. ಅವರು ಗಿಡ ನೋಡಿದರು, ಅದರಲ್ಲಿದ್ದ ಗೋಲಿಯಷ್ಟು ದಪ್ಪದ ಎರಡು ಕಾಯಿ ನೋಡಿದರು. 'ಇನ್ನೆರಡು ದಿನ ನೋಡ್ತೀನಿ ಸಾರ್' ಅಂದರು. ಇವತ್ತಿಗೆ ಒಂಬತ್ತು ದಿನ ಆಯ್ತು, ಗಿಡ ಅಲ್ಲೇ ಇದೆ.

ಇಂತಿ,
ಉತ್ತರಹಳ್ಳಿ ಕಡೆಯ ಒಬ್ಬ ಓದುಗ, ಬೆಂಗಳೂರು